ತಿರುಗೆತ್ತಿನ ದಿಣ್ಣೆ

ಕಲ್ಮರಡಿ ಕೋಟೆಯ ಬುಡದಿಂದ ಮೂಡಲಿಗೆ, ಹಿರೇಹೊಳೆಯ ಸೇತುವೆಯವರೆಗೆ, ಹೆದ್ದಾರಿ ಹಗ್ಗ ಎಳೆದು ಕಟ್ಟಿದಂತೆ ನೇರವಾಗಿ ಹೋಗುತ್ತದೆ. ನಡುವೆ ಒಂದೇ ಒಂದು ಕಡೆ ಅದಕ್ಕೆ ಏನೋ ಆಗುತ್ತದೆ. ಅಲ್ಲಿ ಗುಡ್ಡವಿಲ್ಲ, ಕೆರೆಯಿಲ್ಲ, ಒಡೆಯಲಾಗದ ಬಂಡೆಯೂ ಇಲ್ಲ. ಎರೆನೆಲದ ಬಯಲಿನಲ್ಲಿ ಎರಡಾಳೆತ್ತರದ ಒಂದು ಮಣ್ಣಿನ ದಿಣ್ಣೆ, ಅಷ್ಟೆ. ಈಗಿನ ಯಂತ್ರಗಳಿಗೆ ಒಂದು ಬೆಳಗಿನ ಕೆಲಸ. ಆದರೂ ಹೋಗುವ ರಸ್ತೆ ದಿಣ್ಣೆಯ ಬಡಗಲಿಗೆ, ಬರುವ ರಸ್ತೆ ತೆಂಕಲಿಗೆ, ಹೀಗೆ ಎರಡಾಗಿ ಸೀಳಿಕೊಂಡು ದಿಣ್ಣೆಯನ್ನು ಬಳಸಿ ಆಚೆಗೆ ಮತ್ತೆ ಕೂಡುತ್ತವೆ. ದಿಣ್ಣೆಯ ನೆತ್ತಿಯಲ್ಲಿ ಒಂದು ಬೇವಿನ ಮರ. ಮರದಡಿ ಒಂದು ಕಲ್ಲಿನ ಎತ್ತು. ಬಸವಣ್ಣನೆಂದು ಕೈ ಮುಗಿಯುವವರಿದ್ದಾರೆ. ಆದರೆ ಅದರ ಎದುರಿಗೆ ಲಿಂಗವಿಲ್ಲ, ಬೆನ್ನ ಮೇಲೆ ಹೇರಿನ ಚೀಲ ಕೆತ್ತಿದೆ, ಮುಖವೂ ಮುಂದಕ್ಕಿಲ್ಲ. ಹೆಗಲ ಮೇಲಿಂದ ಹೊರಳಿ ಹಿಂದಕ್ಕೆ, ಕೋಟೆಯ ಕಡೆಗೆ ನೋಡುತ್ತಿದೆ. ಈ ಜಾಗಕ್ಕೆ ತಿರುಗೆತ್ತಿನ ದಿಣ್ಣೆ ಎಂದು ಹೆಸರು.

ಹೊಸಬರು ಇಲ್ಲಿ ಗಲಿಬಿಲಿಯಾಗದೆ ಹೋದದ್ದಿಲ್ಲ. ಬಡಗಲಿನ ಗೂಳ್ಯದಪೇಟೆಗೆ ಹೊರಟವರು ತೆಂಕಲಿನ ಸೊಂಡೆಕೆರೆಯ ಕಡೆಗೆ ಹೊರಳುತ್ತಾರೆ, ಸೊಂಡೆಕೆರೆಯ ಮದುವೆಗೆ ಬಂದವರು ಗೂಳ್ಯದ ಮದುವೆಯಲ್ಲಿ ಉಂಡು ಎದ್ದ ಮೇಲೆ ಹುಡುಗಿಯ ಹೆಸರು ಕೇಳುತ್ತಾರೆ. ಮೊಬೈಲಿನೊಳಗೆ ದಾರಿ ಹೇಳುವ ಹೆಂಗಸೂ ಇಲ್ಲಿಗೆ ಬಂದರೆ ತಡವರಿಸುತ್ತಾಳೆ. ಬಂಡಿದಾರಿಗೆ ಜಲ್ಲಿ ಹಾಕಿದ ಕಾಲದಲ್ಲಿ, ಜಲ್ಲಿಗೆ ಡಾಂಬರು ಬಳಿದ ಕಾಲದಲ್ಲಿ, ಡಾಂಬರಿನ ದಾರಿ ನಾಲ್ಕು ಸಾಲಾಗಿ ಮತ್ತೆ ಆರು ಸಾಲಾದ ಕಾಲದಲ್ಲಿ, ಪ್ರತಿ ಸಲವೂ ದಿಣ್ಣೆಯ ಮೇಲೆ ನೇರ ಗೆರೆ ಎಳೆದ ನಕ್ಷೆ ಬಂದಿತ್ತಂತೆ. ಪ್ರತಿ ಸಲವೂ ಆ ಗೆರೆ ಮತ್ತೆ ಬಾಗಿತಂತೆ. ಎತ್ತಿನ ಶಾಪವಿದೆ, ಅಗೆದರೆ ಗುದ್ದಲಿ ಮುರಿಯುತ್ತದೆ ಎನ್ನುತ್ತಾರೆ ಕೆಲವರು. ವ್ಯಾಪಾರ ಬಲ್ಲವರು ಹಾಗೆನ್ನುವುದಿಲ್ಲ. ದಿಣ್ಣೆಯ ಎರಡೂ ಬದಿಗೆ ಅಂಗಡಿಸಾಲುಗಳಿವೆ, ಅಂಗಡಿಸಾಲುಗಳಿಗೆ ಬಾಯಿಯಿದೆ, ಆ ಬಾಯಿಗೆ ಎಲ್ಲೆಲ್ಲಿ ಕಿವಿ ಸಿಗುತ್ತದೆಂದು ಅವಕ್ಕೆ ಗೊತ್ತಿದೆ ಎನ್ನುತ್ತಾರೆ. ಆದರೆ ದಾರಿ ಮೊದಲ ಸಲ ಬಾಗಿದ್ದು ಅಂಗಡಿಯಿಂದಲ್ಲ. ಅದು ಎತ್ತಿನಿಂದಲೇ.

ಹಿಂದೆ ಒಮ್ಮೆ, ಈ ಬಯಲಿನಲ್ಲಿ ಬಂಡಿದಾರಿ ಎಂಬುದೇ ಇಲ್ಲದ ಕಾಲ. ಹೊಳೆಯ ಆಚೆಯಿಂದ ಉಪ್ಪು, ಈಚೆಯಿಂದ ಜೋಳ, ಹತ್ತಿ, ಎಲ್ಲವೂ ಹೇರೆತ್ತುಗಳ ಬೆನ್ನ ಮೇಲೆಯೇ ಓಡಾಡುತ್ತಿದ್ದವು. ಕಲ್ಮರಡಿಯನ್ನು ಆಳುತ್ತಿದ್ದ ನಾಯಕನಿಗೆ, ಕೋಟೆಯಿಂದ ಹೊಳೆ ದಾಟುವ ಕಡವಿನವರೆಗೆ ಒಂದು ಬಂಡಿದಾರಿ ಆಗಬೇಕೆಂಬ ಮನಸ್ಸಾಯಿತು. ಆ ಸುದ್ದಿ ಬಯಲಿಗೆ ಇಳಿದದ್ದೇ ತಡ, ಎರಡು ಪೇಟೆಗಳ ನಿದ್ದೆ ಹೋಯಿತು. ಕಡವಿಗೆ ಗೂಳ್ಯದಪೇಟೆಯ ಮೇಲೂ ಹೋಗಬಹುದು, ಸೊಂಡೆಕೆರೆಯ ಮೇಲೂ ಹೋಗಬಹುದು. ಎರಡರ ಮೇಲೂ ಹೋಗಲಾಗದು. ದಾರಿ ಬಂದ ಪೇಟೆ ಬೆಳೆಯುತ್ತದೆ, ಬಾರದ ಪೇಟೆಯಲ್ಲಿ ಹುಲ್ಲು ಬೆಳೆಯುತ್ತದೆ. ಇದನ್ನು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸೊಂಡೆಕೆರೆಯಲ್ಲಿ ಉಳವಪ್ಪ ಶೆಟ್ಟಿ ಎಂಬ ಉಪ್ಪಿನ ವ್ಯಾಪಾರಿ ಇದ್ದ. ಹರೆಯದಲ್ಲಿ ಹೇರೆತ್ತಿನ ಹಿಂದೆ ನಡೆದು ಕಾಲು ಸವೆಸಿದವನು. ಆಮೇಲೆ ಗಾದಿಯ ಮೇಲೆ ಕೂತು ಹೊಟ್ಟೆ ಬೆಳೆಸಿದವನು. ದಾರಿಯ ಸುದ್ದಿ ಇನ್ನೂ ಪಿಸುಮಾತಾಗಿದ್ದಾಗಲೇ ಅವನು ಊರ ಬಾಗಿಲಲ್ಲಿ ಕಲ್ಲುಕಂಬದ ಅಂಗಡಿಸಾಲು ಕಟ್ಟಿಸಿಬಿಟ್ಟಿದ್ದ. ಪ್ರತಿ ಕಂಬದ ಎದೆಯಲ್ಲೂ ಒಂದು ತಕ್ಕಡಿಯನ್ನು ಕೆತ್ತಿಸಿದ್ದ. ಅವನ ಬದುಕೆಲ್ಲ ಆ ಕಂಬಗಳಲ್ಲಿ ನಿಂತಿತ್ತು. ದಾರಿ ಬಂದರೆ ಅದು ಬಯಲಿನ ದೊಡ್ಡ ಪೇಟೆ, ಬಾರದಿದ್ದರೆ ಮೇಕೆ ಕಟ್ಟಲು ಒಳ್ಳೆಯ ಜಾಗ. ಗೂಳ್ಯದಪೇಟೆಯಲ್ಲಿ ಪಂಪಣ್ಣ ಶೆಟ್ಟಿಯೂ ಅಂಥದೇ ಒಂದು ಸಾಲು ಎಬ್ಬಿಸಿದ್ದ. ಇಬ್ಬರೂ ಬೀಗರು, ಉಳವಪ್ಪನ ಮಗಳನ್ನು ಪಂಪಣ್ಣನ ಮಗನಿಗೆ ಕೊಟ್ಟಿತ್ತು. ಹಾಗಾಗಿ ಅವರ ಜಗಳವೆಲ್ಲ ಬಹುವಚನದಲ್ಲೇ ನಡೆಯುತ್ತಿತ್ತು.

ಆ ಸೀಮೆಯಲ್ಲಿ ಹೊಸ ದಾರಿ ಗೊತ್ತುಮಾಡಲು ಒಂದು ಪದ್ಧತಿ ಇತ್ತು. ಅದಕ್ಕೆ ಹೆಜ್ಜೆ ಬಿಡುವುದು ಎನ್ನುತ್ತಿದ್ದರು. ಹೇರೆತ್ತುಗಳ ಹಿಂಡಿನಲ್ಲಿ ಎಲ್ಲಕ್ಕೂ ಮುಂದೆ ನಡೆಯುವ ಎತ್ತನ್ನು ತಂದು, ಅದರ ಬೆನ್ನಿಗೆ ಬೂದಿಯ ಚೀಲ ಹೇರಿ, ಚೀಲದ ಮೂಲೆಗೆ ಒಂದು ತೂತು ಮಾಡಿ, ಮೂಗುದಾರ ಬಿಚ್ಚಿ ಬಿಡುವುದು. ಎತ್ತು ಹೋದಲ್ಲೆಲ್ಲ ಬೂದಿ ಉದುರುತ್ತದೆ. ಬೂದಿ ಉದುರಿದಲ್ಲಿ ದಾರಿ. ಹಿಂದೆ ಬರುವವರು ದೂರದಲ್ಲಿ ನಡೆಯಬೇಕು, ಕೂಗಬಾರದು, ಕೋಲೆತ್ತಬಾರದು, ದಾರಿಯಲ್ಲಿ ಮೇವು, ಹಿಂಡಿ, ಉಪ್ಪು ಏನನ್ನೂ ಇಡಬಾರದು. ಕೆಸರು, ಕಲ್ಲು, ಏರು ಯಾವುದನ್ನೂ ಮನುಷ್ಯನಿಗಿಂತ ಎತ್ತು ಚೆನ್ನಾಗಿ ಬಲ್ಲದು ಎಂಬುದು ಅದರ ತರ್ಕ. ಎತ್ತಿನ ಹೆಜ್ಜೆಯನ್ನು ಎರಡನೆಯ ಸಲ ಕೇಳಬಾರದು ಎಂಬುದು ಅದರ ಕಟ್ಟು. ನಾಯಕನ ಪಾರುಪತ್ಯಗಾರ ನರಸಪ್ಪಯ್ಯ, ಯಾವ ಪೇಟೆಗೂ ಸೇರದ ಎತ್ತೇ ಆಗಬೇಕೆಂದು, ಕೋಟೆಯ ಬುಡದಲ್ಲಿ ಬೀಡು ಬಿಟ್ಟಿದ್ದ ಲಂಬಾಣಿ ಹೂನಿಬಾಯಿಯ ಹಿಂಡಿನಿಂದ ಕೆಂದ ಎಂಬ ಎತ್ತನ್ನು ಆರಿಸಿದ.

ಮೇವು ಇಡಬಾರದು, ಉಪ್ಪು ಇಡಬಾರದು. ಗೆಳೆಯನನ್ನು ಇಡಬಾರದೆಂದು ಎಲ್ಲೂ ಹೇಳಿರಲಿಲ್ಲವಲ್ಲ! ಉಳವಪ್ಪ ಶೆಟ್ಟಿ ಒಂದು ಮುಂಜಾನೆ ಹೂನಿಬಾಯಿಯ ಬೀಡಿಗೆ ಹೋಗಿ, ಉಪ್ಪಿನ ಮಾತು, ಮಳೆಯ ಮಾತು ಎಲ್ಲ ಆದ ಮೇಲೆ, ಏನೂ ಅಲ್ಲವೆಂಬಂತೆ ಕೇಳಿದ:

“ಹೂನವ್ವ, ನಿನ್ನ ಕೆಂದನಿಗೆ ಹಿಂಡಿನಾಗ ಯಾವುದರ ಮ್ಯಾಲೆ ಪ್ರೀತಿ?”

“ಅಯ್ಯ, ಅಳಿಯನ್ನ ಹುಡುಕಾಕ ಬಂದೀರೇನ್ರಿ ಸಾವ್ಕಾರ್ರ? ಅದು ಹೋರಿ ಅಲ್ರೀ, ಎತ್ತು!” ಎಂದು ಹೂನಿಬಾಯಿ ಬಳೆ ಕುಣಿಸಿ ನಕ್ಕಳು. ಆಮೇಲೆ, ಅವನ ಮುಖ ನೋಡಿ ನಗೆ ನಿಲ್ಲಿಸಿ, ಒಂದು ಕರಿಯೆತ್ತನ್ನು ತೋರಿಸಿದಳು. “ಮೇವಿಗೆ ನಿಂತ್ರ ಕೆಂದ ಅದರ ಮಗ್ಗಲದಾಗ ನಿಲ್ತದ.”

ಉಳವಪ್ಪ ಚೌಕಾಸಿ ಮಾಡದೆ ಆ ಕರಿಯೆತ್ತನ್ನು ಕೊಂಡ. ಚೌಕಾಸಿ ಮಾಡದ್ದೇ ಅವನ ಮೊದಲ ತಪ್ಪು. ವ್ಯಾಪಾರಿ ಚೌಕಾಸಿ ಮಾಡಲಿಲ್ಲವೆಂದರೆ ಅವನಿಗೆ ಸರಕು ಬೇಕಾಗಿಲ್ಲ, ಬೇರೇನೋ ಬೇಕಾಗಿದೆ ಎಂದು ಹೂನಿಬಾಯಿಗೆ ತಿಳಿಯುವುದಿಲ್ಲವೆ? ಹೆಜ್ಜೆ ಬಿಡುವ ದಿನ ಅವನು ಕರಿಯೆತ್ತಿನ ಕೊರಳಿಗೆ ದೊಡ್ಡ ಗಂಟೆ ಕಟ್ಟಿಸಿ, ಸೊಂಡೆಕೆರೆಗೆ ಹೊರಳುವ ಕಡೆ, ಸಜ್ಜೆಯ ಹೊಲದ ಮರೆಯಲ್ಲಿ ಕಟ್ಟಿಹಾಕಿಸಿದ.

ಹೊತ್ತು ಏರುವ ಮುಂಚೆಯೇ ಕೋಟೆಯ ಬುಡದಲ್ಲಿ ಕೆಂದನ ಮೂಗುದಾರ ಬಿಚ್ಚಿದರು. ಹೂನಿಬಾಯಿಯ ಉಳಿದ ಹಿಂಡನ್ನು ಅಲ್ಲೇ ಗೂಟಕ್ಕೆ ಕಟ್ಟಿತ್ತು. ಕೆಂದ ಬೂದಿ ಉದುರಿಸುತ್ತ, ತನಗೆ ಈ ಕೆಲಸ ಮೊದಲೇ ಗೊತ್ತಿದ್ದಂತೆ, ಮೂಡಲಿಗೆ ನೇರ ನಡೆಯಿತು. ಹಿಂದಿನಿಂದ ಪಡುವಣ ಗಾಳಿ ಬೀಸುತ್ತಿತ್ತು. ನರಸಪ್ಪಯ್ಯ, ಇಬ್ಬರು ಬೀಗರು, ಎರಡೂ ಪೇಟೆಯ ಜನ ದೂರದಲ್ಲಿ ಹಿಂಬಾಲಿಸಿದರು. ದಿಣ್ಣೆಯ ಹತ್ತಿರ ಬರುವ ಹೊತ್ತಿಗೆ ಬಿಸಿಲು ಬಲಿತು ಗಾಳಿ ನಿಂತಿತು. ಕೆಂದನೂ ನಿಂತಿತು. ಆ ಮೌನದಲ್ಲಿ ತೆಂಕಲಿಂದ ಒಂದು ಗಂಟೆಯ ಸದ್ದು ಕೇಳಿಸಿತು. ಉಳವಪ್ಪನ ಎದೆ ಹಿಗ್ಗಿತು. ಮರುಗಳಿಗೆಗೆ ಬಡಗಲಿಂದಲೂ ಒಂದು ಗಂಟೆ ಕೇಳಿಸಿತು. ಹಿಗ್ಗಿದ ಎದೆ ಅಲ್ಲೇ ಸಿಕ್ಕಿಕೊಂಡಿತು.

“ಬೀಗರೆ,” ಪಂಪಣ್ಣ ಪಿಸುಗುಟ್ಟಿದ, “ನಿಮ್ಮ ಊರ ಕಡಿಂದ ಏನೋ ಗಂಟಿ ಕೇಳ್ತದಲ್ಲ?”

“ಗುಡಿ ಗಂಟಿ ಇರಬೇಕ್ರಿ. ನಿಮ್ಮ ಕಡಿಂದಾನೂ ಕೇಳ್ತದಲ್ಲ?”

“ನಮ್ಮದೂ ಗುಡೀದ.”

ಆಗ ಬಡಗಲಿನ ಗುಡಿ ‘ಅಂಬಾ’ ಎಂದಿತು.

“ಭಾಳ ಜಾಗೃತ ದೇವರು ಕಾಣ್ತದ,” ಎಂದ ಉಳವಪ್ಪ. ಪಂಪಣ್ಣ ಉತ್ತರ ಕೊಡುವುದರೊಳಗೆ ತೆಂಕಲಿನ ಗುಡಿಯೂ ‘ಅಂಬಾ’ ಎಂದಿತು.

ಕೆಂದ ಎಡಕ್ಕೆ ನೋಡಿತು, ಬಲಕ್ಕೆ ನೋಡಿತು. ಕಿವಿಗಳು ಒಂದೊಂದು ಒಂದೊಂದು ಕಡೆಗೆ ತಿರುಗಿದವು. ನಿಂತಲ್ಲೇ ಬೂದಿ ಗುಪ್ಪೆಯಾಯಿತು. ಅಷ್ಟು ಜನ ಉಸಿರು ಹಿಡಿದು ಒಂದು ಎತ್ತಿನ ಕಿವಿಗಳನ್ನು ನೋಡುತ್ತ ನಿಂತದ್ದು ಆ ಬಯಲಿನಲ್ಲಿ ಮುಂಚೆಯೂ ಇಲ್ಲ, ಆಮೇಲೂ ಇಲ್ಲ ಎನ್ನುತ್ತಾರೆ. ಕೊನೆಗೆ ಕೆಂದ ದಿಣ್ಣೆಯ ಎಡಬದಿಗೆ ನಡೆಯಿತು. ಗೂಳ್ಯದವರ ಗಂಟಲವರೆಗೆ ಕೇಕೆ ಬಂತು. ಆದರೆ ಅದು ಗೂಳ್ಯದ ಕಡೆಗೆ ಹೋಗದೆ ದಿಣ್ಣೆಯನ್ನು ಬಳಸಿ ಮೂಡಲ ತುದಿಗೆ ಹೋಯಿತು. ಅಲ್ಲಿ ಹೊಳೆಯ ಕಡೆಗೆ ಮುಖವೆತ್ತಿ ಒಂದು ಗಳಿಗೆ ನಿಂತಿತು. ಅಲ್ಲಿಂದ ತೆಂಕಲ ಬದಿಗೆ ಬಂತು. ಈಗ ಸೊಂಡೆಕೆರೆಯವರ ಸರದಿ. ಅವರ ಕೇಕೆಯೂ ಗಂಟಲಲ್ಲೇ ಉಳಿಯಿತು. ದಿಣ್ಣೆಯನ್ನು ಒಂದು ಪೂರಾ ಸುತ್ತು ಹಾಕಿ, ತನ್ನದೇ ಬೂದಿಯ ಗೆರೆಗೆ ಬಂದು ಸೇರಿ, ಕೆಂದ ಕೋಟೆಯ ಕಡೆಗೆ ಬಿರಬಿರನೆ ಹೊರಟುಹೋಯಿತು. ಹಿಂದೆ ಬರುತ್ತಿದ್ದ ಜನ ಈಗ ಎದುರಿಗಿದ್ದರು. ಪಾರುಪತ್ಯಗಾರನೂ ಹಾರಿ ಪಕ್ಕಕ್ಕೆ ಸರಿಯಬೇಕಾಯಿತು.

ಆಮೇಲೆ ಎದ್ದ ಗದ್ದಲಕ್ಕೆ ತಲೆಯಿಲ್ಲ, ಬುಡವಿಲ್ಲ. ಎತ್ತು ಎಡಕ್ಕೆ ಮೊದಲು ಹೋಯಿತು, ದಾರಿ ನಮ್ಮದು ಎಂದರು ಗೂಳ್ಯದವರು. ಕೊನೆಗೆ ಬಂದದ್ದು ಬಲಕ್ಕೆ, ಕೊನೆಯ ಮಾತೇ ಮಾತು ಎಂದರು ಸೊಂಡೆಕೆರೆಯವರು. ಎತ್ತು ಕೋಟೆಗೆ ಮರಳಿತಾದ್ದರಿಂದ ದಾರಿ ಕೋಟೆಯಿಂದ ಕೋಟೆಗೇ ಆಗಬೇಕು ಎಂದನೊಬ್ಬ. ಅವನು ಯಾವ ಊರವನೆಂದು ತಿಳಿಯದೆ ಎರಡೂ ಊರಿನವರು ಅವನನ್ನು ಬೈದರು. ನರಸಪ್ಪಯ್ಯ ಬೂದಿಯ ಸುತ್ತಿನ ಮೇಲೆ ಎಡಗಡೆಯಿಂದ ಒಮ್ಮೆ, ಬಲಗಡೆಯಿಂದ ಒಮ್ಮೆ ನಡೆದು ನೋಡಿದ. ಮತ್ತೊಮ್ಮೆ ಬಿಡುವಂತಿಲ್ಲ, ಏನೂ ಆಗಲಿಲ್ಲವೆಂದು ನಾಯಕನ ಮುಂದೆ ಹೇಳುವಂತಿಲ್ಲ. ಅವನ ಪೇಟ ಅವತ್ತು ಎಷ್ಟು ಸಲ ಕೈಗೆ ಬಂತೋ!

ಉಳವಪ್ಪ ಶೆಟ್ಟಿ ಆ ಗದ್ದಲದಿಂದ ಹೊರಬಂದ. ಅವನಿಗೆ ಒಂದೇ ಒಂದು ಅರ್ಥವಾಗಬೇಕಿತ್ತು: ಎತ್ತು ಯಾಕೆ ತಿರುಗಿತು? ಬೂದಿಯ ಗೆರೆ ಹಿಡಿದು ಹೂನಿಬಾಯಿಯ ಬೀಡಿಗೆ ನಡೆದ. ಅಲ್ಲಿ ಕೆಂದ ಹಿಂಡಿನ ಮುಂದೆ, ಹಿಂಡಿಗೆ ಬೆನ್ನು ಮಾಡಿ, ತಾನು ಎಲ್ಲಿಗೂ ಹೋಗಿಯೇ ಇಲ್ಲವೆಂಬಂತೆ ಮೆಲುಕು ಹಾಕುತ್ತಿತ್ತು.

“ಹೂನವ್ವ, ಒಂದ ಎತ್ತಿಗೆ ಇಬ್ಬರು ಗೆಳೆಯರನ್ನ ಮಾರಿದೆಯಲ್ಲವ್ವ!”

“ನೀವು ಕೇಳಿದ್ರಿ, ಎಡಕ್ಕ ನಿಲ್ಲೋದನ್ನ ಕೊಟ್ಟೆ. ನಿಮ್ಮ ಬೀಗರೂ ಕೇಳಿದ್ರು, ಬಲಕ್ಕ ನಿಲ್ಲೋದನ್ನ ಕೊಟ್ಟೆ. ಸುಳ್ಳು ಎಲ್ಲಿ ಬಂತ್ರಿ ಸಾವ್ಕಾರ್ರ? ಬೇಕಂದ್ರ ಕರಿಯೆತ್ತು ತಂದು ಬಿಡ್ರಿ, ಅರ್ಧಕ್ಕ ಕೊಳ್ತೀನಿ.”

ಈಕೆ ಸೊಂಡೆಕೆರೆಯಲ್ಲಿ ಅಂಗಡಿ ಇಟ್ಟಿದ್ದರೆ ತಾನು ಮನೆ ಸೇರಬೇಕಿತ್ತು ಎಂದು ಉಳವಪ್ಪನಿಗೆ ಅನಿಸಿತು. ಆಗ ಸಂಜೆಗಾಳಿ ಎದ್ದು, ಹಿಂಡು ಮೈ ಕೊಡವಿ, ಕೊರಳ ಸಣ್ಣ ಗಂಟೆಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು. ಕೆಂದ ತಲೆ ಎತ್ತಿ, ಹಿಂದಕ್ಕೆ ನೋಡದೆ, ಒಂದು ಹೆಜ್ಜೆ ಮುಂದಿಟ್ಟಿತು. ಉಳವಪ್ಪ ಹಣೆ ಹಣೆ ಬಡಿದುಕೊಂಡ. ಹರೆಯವೆಲ್ಲ ಎತ್ತಿನ ಹಿಂದೆ ನಡೆದವನು ತಾನು. ಮುಂದೆ ನಡೆಯುವ ಎತ್ತು ಯಾವತ್ತಾದರೂ ಯಾರನ್ನಾದರೂ ಅರಸಿಕೊಂಡು ಹೋಗಿದೆಯೆ? ಅದರ ಮುಂದೆ ಯಾವತ್ತೂ ಯಾರೂ ಇರುವುದಿಲ್ಲ. ಹಿಂದಿನ ಗಂಟೆಗಳು ಕೇಳುತ್ತಿರುವವರೆಗೆ ನಡೆಯುತ್ತದೆ. ಕೇಳದಾದರೆ ಹಿಂಡು ಎಲ್ಲಿ ಹೋಯಿತೆಂದು ತಿರುಗುತ್ತದೆ. ದಿಣ್ಣೆಯ ಹತ್ತಿರ ಗಾಳಿ ನಿಂತಿತ್ತು, ಅದು ಹೊತ್ತು ತರುತ್ತಿದ್ದ ಸದ್ದೂ ನಿಂತಿತ್ತು. ಗಾದಿಯ ಮೇಲೆ ಕೂತವನಿಗೆ ಗಿರಾಕಿಯನ್ನು ಎದುರಿನಿಂದ ಕರೆಯುವುದು ರೂಢಿಯಾಗಿ, ಎತ್ತೂ ಹಾಗೆಯೇ ಬರುತ್ತದೆಂದು ನಂಬಿಬಿಟ್ಟಿದ್ದ.

ಮರುದಿನ ನರಸಪ್ಪಯ್ಯ ತನ್ನ ತೀರ್ಮಾನ ಸಾರಿದ. ಬೂದಿ ಉದುರಿದಲ್ಲಿ ದಾರಿ. ಆ ಮಾತು ತಪ್ಪುವಂತಿಲ್ಲ. ಎತ್ತು ಹೋದ ಬದಿಯಲ್ಲಿ ಹೋಗುವ ಬಂಡಿಗಳು ಹೋಗಲಿ, ಬಂದ ಬದಿಯಲ್ಲಿ ಬರುವ ಬಂಡಿಗಳು ಬರಲಿ. ಮೂಡಲ ತುದಿಯಲ್ಲಿ ಎತ್ತು ಹೊಳೆಯ ಕಡೆಗೆ ಮುಖವೆತ್ತಿ ನಿಂತಿತಲ್ಲ, ಅಲ್ಲಿಂದ ನೇರ ಕಡವಿಗೆ. ಇದು ಜಾಣತನವೋ, ಗಾಬರಿಯೋ ಯಾರಿಗೂ ತಿಳಿಯಲಿಲ್ಲ. ಗೂಳ್ಯಕ್ಕೂ ದಾರಿ ಬರಲಿಲ್ಲ, ಸೊಂಡೆಕೆರೆಗೂ ಬರಲಿಲ್ಲ. ಎರಡೂ ಪೇಟೆಗಳು ಸೋತದ್ದರಿಂದ ಎರಡೂ ಪೇಟೆಯವರಿಗೆ ಒಂದು ಬಗೆಯ ಸಮಾಧಾನವಾಯಿತು ಎನ್ನುತ್ತಾರೆ.

ಉಳವಪ್ಪನಿಗೆ ಆಗಲಿಲ್ಲ. ದಾರಿಗೆ ಮಣ್ಣು ಬಿದ್ದು ಬಂಡಿಗಳ ಓಡಾಟ ಶುರುವಾದ ಮೇಲೆ ಅವನು ದಿಣ್ಣೆಯ ಹತ್ತಿರ ಸುಮ್ಮನೆ ಹೋಗಿ ಕೂತು ನೋಡಿದ. ಬಂದ ಬಂಡಿ ಸೀಳುದಾರಿಯ ಬಾಯಲ್ಲಿ ನಿಲ್ಲುತ್ತಿತ್ತು. ಬಂಡಿಯವನು ಎಡಕ್ಕೆ ನೋಡುತ್ತಿದ್ದ, ಬಲಕ್ಕೆ ನೋಡುತ್ತಿದ್ದ. ಇಳಿದು ತಲೆ ಕೆರೆಯುತ್ತಿದ್ದ. ಎತ್ತಿನ ಕೊರಳು ಬಿಚ್ಚುತ್ತಿದ್ದ. ನೀರು ಎಲ್ಲಿ ಸಿಗುತ್ತದೆಂದು ಕೇಳುತ್ತಿದ್ದ. ಒಬ್ಬನಲ್ಲ, ಪ್ರತಿಯೊಬ್ಬನೂ. ನೇರ ದಾರಿಯಲ್ಲಿ ಯಾರೂ ನಿಲ್ಲುವುದಿಲ್ಲ. ತನ್ನ ಊರ ಬಾಗಿಲಿಗೇ ದಾರಿ ಬಂದಿದ್ದರೂ ಬಂಡಿಗಳು ಕಂಬ ನೋಡಿಕೊಂಡು ಹಾಗೇ ಮುಂದೆ ಹೋಗುತ್ತಿದ್ದವೇನೋ. ಉಳವಪ್ಪ ಎದ್ದು ಧೋತರದ ಮಣ್ಣು ಕೊಡವಿಕೊಂಡು ಊರಿಗೆ ಬಂದವನೇ ಕಲ್ಲುಕುಟಿಗರನ್ನು ಕರೆಸಿ, ಅಂಗಡಿಸಾಲಿನ ಕಂಬಗಳನ್ನು ಕೀಳಿಸತೊಡಗಿದ.

ಸೊಂಡೆಕೆರೆಯ ಚಾವಡಿಯಲ್ಲಿ ನಾಯಕನಿಗೆ ಬಿನ್ನಹ ಮಾಡಲು ಕೂತವರೆಲ್ಲ ಎದ್ದು ಬಂದರು. “ಶೆಟ್ರ, ಕಟ್ಟಿದ್ದನ್ನ ಕೀಳಾಕತ್ತೀರಲ್ಲ, ತಲಿ ಸರಿ ಐತೇನ್ರಿ?” ಎಂದರು.

“ದಾರಿ ನನ್ನ ಕಂಬದ ಹತ್ತಿರ ಬರಲಿಲ್ಲ. ಕಂಬಕ್ಕೇನು, ಕಾಲಿಲ್ಲದಿದ್ದರೂ ಗಾಡಿ ಐತಲ್ಲ,” ಎಂದ ಉಳವಪ್ಪ. ಹೇಳುವಾಗ ನಕ್ಕನಂತೆ. ಆದರೆ ಮೊದಲ ಕಂಬ ನೆಲ ಬಿಟ್ಟಾಗ, ಅದು ನಿಂತಿದ್ದ ಗುಂಡಿಯನ್ನು ಬಹಳ ಹೊತ್ತು ನೋಡಿದನಂತೆ. ಹುಟ್ಟಿದ ಊರನ್ನು ಬಿಡುವುದು ಲಾಭವೆಂದು ತಿಳಿದ ಮೇಲೂ ಬಿಡುವುದೇ ತಾನೆ.

ಕಂಬ ಹೇರಿದ ಬಂಡಿಗಳು ದಿಣ್ಣೆಯ ತೆಂಕಲ ಬದಿಗೆ ಬಂದು ನಿಂತವು. ಹೊಳೆಯಿಂದ ಬರುವವರು ಉಪ್ಪು ತಂದಿರುತ್ತಾರೆ, ಮಾರಲು ಅವಸರದಲ್ಲಿರುತ್ತಾರೆ. ಅವರ ಬದಿಯೇ ತನಗೆ ಸರಿ ಎಂದು ಅವನು ಲೆಕ್ಕ ಹಾಕಿದ್ದ. ಇಳಿಸಲು ಹೇಳಿ ದಿಣ್ಣೆ ಹತ್ತಿ ಆಚೆ ನೋಡಿದರೆ, ಬಡಗಲ ಬದಿಯಲ್ಲೂ ಬಂಡಿಗಳು. ಬಂಡಿಗಳ ಮೇಲೆ ಕಂಬಗಳು. ಕಂಬಗಳ ನಡುವೆ ಪೇಟ ಸರಿಮಾಡಿಕೊಳ್ಳುತ್ತ ನಿಂತ ಪಂಪಣ್ಣ.

“ಏನ್ರಿ ಬೀಗರೆ, ಕಂಬ ಹೇರ್ಕೊಂಡು ಎಲ್ಲಿಗೆ?”

“ಒಂದು ಗುಡಿ ಕಟ್ಟಿಸೋಣ ಅಂತ್ರಿ,” ಎಂದ ಪಂಪಣ್ಣ. “ನೀವು?”

“ನಮ್ಮದೂ ಗುಡೀನ.”

ಇಬ್ಬರೂ ದಿಣ್ಣೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವತ್ತೇ ಒಂದು ಒಪ್ಪಂದವಾಯಿತು. ಹೋಗುವವರಿಗೆ ಬೇಕಾದದ್ದು, ಎಂದರೆ ಹಗ್ಗ, ಮೇವು, ಬುತ್ತಿಯ ರೊಟ್ಟಿ, ಪಂಪಣ್ಣನ ಪಾಲು. ಬರುವವರು ತಂದದ್ದನ್ನು ಕೊಳ್ಳುವುದು ಉಳವಪ್ಪನ ಪಾಲು. ಗುಡಿ ಕಟ್ಟಿಸುತ್ತೇವೆಂದು ಬಾಯಿಬಿಟ್ಟು ಆಡಿದ್ದರಿಂದ, ಸುಳ್ಳಾಗಬಾರದೆಂದು, ಇಬ್ಬರೂ ಸೇರಿ ಕೆಂದನ ಕಲ್ಲಿನ ಮೂರ್ತಿಯನ್ನು ಮಾಡಿಸಿದರು. ಮುಖ ಯಾವ ಕಡೆಗಿರಬೇಕೆಂದು ಮತ್ತೆ ತಕರಾರು ಎದ್ದಿತು. ಗೂಳ್ಯದ ಕಡೆಗೆ ಎಂದ ಪಂಪಣ್ಣ. ಸೊಂಡೆಕೆರೆಯ ಕಡೆಗೆ ಎನ್ನುತ್ತಾನೆಂದು ಎಲ್ಲರೂ ಉಳವಪ್ಪನ ಬಾಯಿ ನೋಡಿದರು. “ಅದು ಎರಡೂ ಊರನ್ನ ನೋಡಲಿಲ್ಲ, ಹಿಂದಕ್ಕ ನೋಡಿತು. ನೋಡಿದ್ದನ್ನ ಕೆತ್ತಪ್ಪ,” ಎಂದ ಅವನು ಕಲ್ಲುಕುಟಿಗನಿಗೆ. ಕರಿಯೆತ್ತನ್ನು ಮಾತ್ರ ಹೂನಿಬಾಯಿಗೆ ಮರಳಿ ಮಾರಲಿಲ್ಲ; ಅರ್ಧಕ್ಕೆ ಮಾರುವಷ್ಟು ಕೆಟ್ಟ ವ್ಯಾಪಾರಿ ಅವನಾಗಿರಲಿಲ್ಲ. ಕಂಬದ ಮೊದಲ ಬಂಡಿಯನ್ನು ಎಳೆದು ತಂದದ್ದು ಅದೇ.

ಸೊಂಡೆಕೆರೆ, ಗೂಳ್ಯ ಎರಡೂ ಈಗ ಬರೀ ಹಳ್ಳಿಗಳು. ಸೊಂಡೆಕೆರೆಯ ಊರ ಬಾಗಿಲಲ್ಲಿ ಕಂಬದ ಗುಂಡಿಗಳು ಸಾಲಾಗಿವೆ, ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಕಂಬಗಳು ದಿಣ್ಣೆಯ ತೆಂಕಲಲ್ಲಿ, ಚಹದಂಗಡಿ, ಪಂಕ್ಚರ್ ಅಂಗಡಿ, ಖಾನಾವಳಿಗಳ ತಗಡು ಹೊತ್ತು ನಿಂತಿವೆ. ತಕ್ಕಡಿಯ ಗುರುತು ಈಗಲೂ ಕಾಣುತ್ತದೆ. ಒಂದು ಕಂಬದಲ್ಲಿ ಮಾತ್ರ ತಕ್ಕಡಿ ತಲೆಕೆಳಗಾಗಿದೆ. ಪಂಪಣ್ಣನಿಗಿಂತ ಮುಂಚೆ ಮೊದಲ ಕಂಬ ಎಬ್ಬಿಸುವ ಅವಸರದಲ್ಲಿ ಹಾಗಾಯಿತು ಎನ್ನುತ್ತಾರೆ. ದಿಣ್ಣೆಯ ಮೇಲೆ ಲಾರಿ ಚಾಲಕರು ಗಂಟೆ ಕಟ್ಟುವ ಹರಕೆ ಇದೆ. ಬೇರೆಡೆಯಂತೆ ದೇವರ ಎದುರಿಗಲ್ಲ. ಕಲ್ಲೆತ್ತಿನ ಹಿಂದೆ, ಬಾಲದ ಕಡೆಗೆ, ಬೇವಿನ ಕೊಂಬೆಗೆ. ಪಡುವಣ ಗಾಳಿಗೆ ಅವೆಲ್ಲ ಒಟ್ಟಿಗೆ ಸದ್ದು ಮಾಡಿದಾಗ ಎತ್ತು ಇನ್ನೇನು ಮುಖ ತಿರುಗಿಸಿ ಮುಂದೆ ಹೊರಟೀತು ಎನಿಸುತ್ತದೆ.

ಹೆದ್ದಾರಿಯವರು ಸೀಳುದಾರಿಯ ಬಾಯಲ್ಲಿ ಒಂದು ದೊಡ್ಡ ಹಸಿರು ಫಲಕ ನೆಟ್ಟಿದ್ದಾರೆ. ಗೂಳ್ಯ ಯಾವ ಕಡೆ, ಸೊಂಡೆಕೆರೆ ಯಾವ ಕಡೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆಯಂತೆ. ಬೇವಿನ ಒಂದು ಕೊಂಬೆ ಬಾಗಿ ಬಂದು ಅದನ್ನು ಪೂರಾ ಮುಚ್ಚಿದೆ. ಯಾವ ಮಾತಿಗೂ ಒಮ್ಮತಕ್ಕೆ ಬಾರದ ಎರಡೂ ಬದಿಯ ಅಂಗಡಿಯವರು ಅದೊಂದು ಮಾತಿಗೆ ಮಾತ್ರ ಒಂದಾಗುತ್ತಾರೆ: ದೇವರ ಮರ, ಕೊಡಲಿ ಹಾಕಬಾರದು. ಬಂದ ಕಾರು ನಿಲ್ಲುತ್ತದೆ. ಇಳಿದವರು ಎಡಕ್ಕೆ ನೋಡುತ್ತಾರೆ, ಬಲಕ್ಕೆ ನೋಡುತ್ತಾರೆ, ಗೂಳ್ಯ ಯಾವ ಕಡೆ ಎಂದು ಕೇಳುತ್ತಾರೆ. “ಹೇಳ್ತೀನ್ರಿ, ಬರ್ರಿ, ಕೂಡ್ರಿ,” ಎನ್ನುತ್ತಾನೆ ತಲೆಕೆಳಗಾದ ತಕ್ಕಡಿಯ ಕೆಳಗಿನ ಚಹದಂಗಡಿಯವನು, ಒಲೆಯ ಮೇಲಿನ ಪಾತ್ರೆಗೆ ಇನ್ನಷ್ಟು ಹಾಲು ಸುರಿಯುತ್ತ.